ವಿದ್ಯಾರ್ಥಿ ಸಂಘದ ಗೋಡೆಗೆ ಚಿತ್ರ ಬೇಕಂತೆ

ಹಳೆ ಕಟ್ಟಡಗಳ ರಿಪೇರಿ ನನ್ನ ಕೆಲಸ. ಮಂಗಳೂರಿನ ಮಳೆ ಇರುವವರೆಗೆ ಈ ಕೆಲಸಕ್ಕೆ ಬರ ಇಲ್ಲ. ಈಚೆಗೆ ನಗರದ ಒಂದು ಹಳೆ ಕಾಲೇಜಿನಿಂದ ಕರೆ ಬಂತು. ಅಲ್ಲಿ ವಿದ್ಯಾರ್ಥಿ ಸಂಘಕ್ಕೆ ಅಂತಲೇ ಒಂದು ಕಟ್ಟಡ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು, ಎದುರಿಗೆ ಉದ್ದ ಜಗಲಿ. ಒಳಗಿನ ದೊಡ್ಡ ಗೋಡೆಯ ತುಂಬ ಚಿತ್ರ ಬರೆಯಬೇಕೆಂದು ಮಕ್ಕಳ ಆಸೆ. ಯಕ್ಷಗಾನ, ಕಂಬಳ, ಬಂದರಿನ ಬೋಟುಗಳು, ಎಲ್ಲದರ ಸ್ಕೆಚ್ ರೆಡಿ ಇತ್ತು. ಚೆನ್ನಾಗಿಯೂ ಇತ್ತು.

"ನೀವು ಗೋಡೆ ಉಜ್ಜಿ ಪ್ರೈಮರ್ ಹೊಡೆದು ಕೊಟ್ಟರೆ ಸಾಕು ಸರ್" ಎಂದರು.

ಗೋಡೆ ನೋಡಿದೆ. ನೆಲದಿಂದ ಸೊಂಟದ ಎತ್ತರದವರೆಗೆ ಪೇಂಟ್ ಗುಳ್ಳೆ ಎದ್ದಿತ್ತು. ಉಗುರಿನಲ್ಲಿ ಒಂದು ಗುಳ್ಳೆ ಒಡೆದರೆ ಬಿಳಿ ಪುಡಿ ಉದುರಿತು. ನಮ್ಮ ಮೇಸ್ತ್ರಿ ಅದನ್ನು ನಾಲಗೆಗೆ ತಾಗಿಸಿ "ಉಪ್ಪು" ಎಂದರು. ಹುಡುಗಿಯೊಬ್ಬಳು ಮುಖ ಸಿಂಡರಿಸಿದಳು. ನಮ್ಮ ಲ್ಯಾಬ್ ಟೆಸ್ಟ್ ಅಷ್ಟೇ.

ಮುರಕಲ್ಲು ನೀರು ಕುಡಿಯುವ ಕಲ್ಲು. ಹಿಂದಿನವರು ಅದಕ್ಕೆ ಸುಣ್ಣದ ಗಾರೆ ಬಳಿಯುತ್ತಿದ್ದರು. ಮಳೆಗಾಲದಲ್ಲಿ ಕುಡಿದ ನೀರು ಬೇಸಿಗೆಯಲ್ಲಿ ಗಾರೆಯ ಮೂಲಕ ಆವಿಯಾಗಿ ಹೋಗುತ್ತಿತ್ತು. ಇಲ್ಲಿ ಯಾವಾಗಲೋ ಗಾರೆ ಕಿತ್ತು ಸಿಮೆಂಟ್ ಬಳಿದು, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದಾರೆ. ನೀರಿಗೆ ದಾರಿ ಮುಚ್ಚಿತು. ಅದು ಉಪ್ಪನ್ನು ಹೊತ್ತುಕೊಂಡು ಬಂದು ಪೇಂಟಿನ ಹಿಂದೆ ಕೂತಿತು. ಉಪ್ಪು ಹರಳುಗಟ್ಟುತ್ತಾ ಪೇಂಟನ್ನು ಹೊರಗೆ ತಳ್ಳುತ್ತದೆ. ಅದರ ಮೇಲೆ ಯಕ್ಷಗಾನ ಬರೆದರೆ ಮುಂದಿನ ಆಟಿ ತಿಂಗಳ ಮಳೆಯೊಳಗೆ ವೇಷ ಕಳಚುವುದು ಗ್ಯಾರಂಟಿ.

ಇಷ್ಟು ಹೇಳಿದರೂ ಯಾರೂ ಒಪ್ಪಲಿಲ್ಲ. "ಈಗ ಒಳ್ಳೊಳ್ಳೆ ವಾಟರ್‌ಪ್ರೂಫ್ ಬಂದಿದೆ ಅಲ್ವಾ ಸರ್?" ಆಗ ಅವರಂಥದೇ ಇನ್ನೊಂದು ಸಂಘದ ಕಥೆ ಹೇಳಿದೆ.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಯೂನಿಯನ್ ಅಂತ ಒಂದು ಚರ್ಚಾ ಸಂಘ ಇದೆ. 1823ರಲ್ಲಿ ಶುರುವಾದದ್ದು. ವಿಶ್ವವಿದ್ಯಾಲಯದ ಅಧಿಕೃತ ವಿದ್ಯಾರ್ಥಿ ಸಂಘ ಬೇರೆ, ಇದು ಬೇರೆ. ಬೆಂಜಮಿನ್ ವುಡ್‌ವರ್ಡ್ ಎಂಬ ವಾಸ್ತುಶಿಲ್ಪಿ ಇವರಿಗೆ ಗೋಥಿಕ್ ಶೈಲಿಯ ಇಟ್ಟಿಗೆಯ ಚರ್ಚಾ ಸಭಾಂಗಣ ಕಟ್ಟಿಕೊಟ್ಟ. ಒಳಗೆ ಸುತ್ತಲೂ ಗ್ಯಾಲರಿ, ಅದರ ಮೇಲೆ ಹತ್ತು ಅಂಕಣ ಗೋಡೆ, ಒಂದೊಂದು ಅಂಕಣದಲ್ಲೂ ಎರಡೆರಡು ದುಂಡು ಕಿಟಕಿ. 1857ರಲ್ಲಿ ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಎಂಬ ಚಿತ್ರಕಾರ ತನ್ನ ಗೆಳೆಯರನ್ನು ಕಟ್ಟಿಕೊಂಡು ಬಂದು, ಆ ಗೋಡೆಗಳ ಮೇಲೆ ಆರ್ಥರ್ ರಾಜನ ಕಥೆ ಬರೆಯಲು ಹೊರಟ. ಗೆಳೆಯರಲ್ಲಿ ವಿಲಿಯಂ ಮೋರಿಸ್, ಎಡ್ವರ್ಡ್ ಬರ್ನ್-ಜೋನ್ಸ್ ಇದ್ದರು. ಆಗ ಇಬ್ಬರೂ ಇಪ್ಪತ್ತರ ಆಸುಪಾಸಿನ ಹುಡುಗರು. ಸಂಬಳ ಇಲ್ಲ, ಬಣ್ಣ ಮತ್ತು ಖರ್ಚು ಮಾತ್ರ ಸಂಘದ್ದು. ಬಿಸಿಲು ತಡೆಯಲು ಕಿಟಕಿ ಗಾಜಿಗೆ ಸುಣ್ಣ ಬಳಿದು, ಅದರ ಮೇಲೂ ತಮಾಷೆಗೆ ವೊಂಬ್ಯಾಟ್ ಎಂಬ ಪ್ರಾಣಿಯ ಚಿತ್ರ ಗೀಚಿದರಂತೆ. ಕಾಲೇಜು ಹುಡುಗರು ಎಲ್ಲ ಕಡೆಯೂ ಒಂದೇ!

ಆದರೆ ಗೋಡೆ ಹೊಸದು, ಇನ್ನೂ ಹಸಿ. ಗಾರೆಯ ಮೈ ಇಲ್ಲ, ಇಟ್ಟಿಗೆಯ ಮೇಲೆ ಬರೀ ಸುಣ್ಣ ಸಾರಿಸಿದ್ದು. ಅದರ ಮೇಲೆ ನೇರವಾಗಿ ಡಿಸ್ಟೆಂಪರ್, ಅಂದರೆ ಅಂಟು ಬೆರೆಸಿದ ನೀರಿನ ಬಣ್ಣ. ಕೆಲವೇ ವರ್ಷಗಳಲ್ಲಿ ಬಣ್ಣ ಮಾಸತೊಡಗಿತು. ಗ್ಯಾಸ್ ದೀಪದ ಹೊಗೆಯೂ ಸೇರಿತು. ಮೋರಿಸ್ 1875ರಲ್ಲಿ ಚಾವಣಿಯ ವಿನ್ಯಾಸವನ್ನು ಹೊಸದಾಗಿ ಮಾಡಿಕೊಟ್ಟ. 1879ರಲ್ಲಿ ಆಲ್ಫ್ರೆಡ್ ವಾಟರ್‌ಹೌಸ್ ಬೇರೆ ಚರ್ಚಾ ಸಭಾಂಗಣ ಕಟ್ಟಿದ ಮೇಲೆ ಹಳೆಯದು ಗ್ರಂಥಾಲಯವಾಯಿತು. ಚಿತ್ರಗಳು ಇಂದಿಗೂ ಅಲ್ಲಿವೆ, ಮಬ್ಬಾಗಿ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುವುದರಿಂದ ನೋಡುವುದೂ ಕಷ್ಟ.

"ಹಾಗಾದರೆ ಅಲೋಶಿಯಸ್ ಚಾಪೆಲ್‌ನಲ್ಲಿ ಹೇಗೆ ಉಳಿದಿದೆ?" ಒಬ್ಬ ಕೇಳಿದ. ಒಳ್ಳೆ ಪ್ರಶ್ನೆ. ನಮ್ಮೂರ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದ ಗೋಡೆ, ಚಾವಣಿಯಲ್ಲೆಲ್ಲ ಚಿತ್ರ. ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬರೆದದ್ದು ಅದು, ಇದೇ ಮಳೆಯ ಊರಿನಲ್ಲಿ. ಗೋಡೆಯ ಮೇಲಿನದು ಫ್ರೆಸ್ಕೊ. ಹಸಿ ಸುಣ್ಣದ ಗಾರೆಗೆ ನೀರಿನಲ್ಲಿ ಕದಡಿದ ಬಣ್ಣ ಹಾಕುತ್ತಾರೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಚಾವಣಿಗೆ ಮಾತ್ರ ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ಹಾಗಂತ ಅದೂ ತನ್ನಷ್ಟಕ್ಕೆ ಉಳಿದದ್ದಲ್ಲ. 1990ರ ದಶಕದಲ್ಲಿ ಹಳೆ ಕಟ್ಟಡ, ಕಲೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ಸಂರಕ್ಷಣೆ ಮಾಡಬೇಕಾಯಿತು.

ಆಮೇಲೆ ಎಲ್ಲರೂ ನನ್ನೊಂದಿಗೆ ಕಟ್ಟಡದ ಹಿಂಬದಿಗೆ ಬಂದರು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿ ನೆಲ ಎತ್ತರವಾಗಿದೆ, ಇಳಿಜಾರು ಗೋಡೆಯ ಕಡೆಗೇ ಇದೆ. ಮಾಡಿನ ಅಂಚಿಗೆ ಮಳೆನೀರು ಹಿಡಿದು ಸಾಗಿಸುವ ದಂಬೆ ಇಲ್ಲ. ಹಂಚಿನ ನೀರೆಲ್ಲ ಇಂಟರ್‌ಲಾಕಿಗೆ ಬಿದ್ದು ಗೋಡೆಯ ಬುಡಕ್ಕೆ ಚಿಮ್ಮುತ್ತದೆ. ಈ ರೋಗ ಈಗ ಊರಿಡೀ ಇದೆ. ಇಂಟರ್‌ಲಾಕ್ ಹಾಕುವವರಿಗೆ ಗೋಡೆಯ ಚಿಂತೆ ಇಲ್ಲ, ಪೇಂಟ್ ಹೊಡೆಯುವವರಿಗೆ ಇಂಟರ್‌ಲಾಕಿನ ಚಿಂತೆ ಇಲ್ಲ. ಯಾರಾದರೂ ಪೇಂಟ್ ಕೆಲಸಕ್ಕೆ ಕರೆದರೆ ನಾನು ಮೊದಲು ಹಿಂಬದಿಗೆ ಹೋಗುವುದು ಇದಕ್ಕೇ.

ಕೊನೆಗೆ ಆದ ತೀರ್ಮಾನ ಇಷ್ಟು. ಮಳೆಗೆ ಮೊದಲು ದಂಬೆ, ಗೋಡೆಯ ಬದಿಯ ಇಂಟರ್‌ಲಾಕ್ ಕಿತ್ತು ಜಲ್ಲಿ ತುಂಬಿದ ಚರಂಡಿ. ಒಳಗಿನ ಸಿಮೆಂಟ್ ಕೆತ್ತಿ ತೆಗೆದು ಮಳೆಗಾಲ ಕಳೆಯುವವರೆಗೆ ಗೋಡೆಯನ್ನು ಹಾಗೇ ಬಿಡುವುದು. ದೀಪಾವಳಿ ಕಳೆದ ಮೇಲೆ ಸುಣ್ಣದ ಗಾರೆ. ಚಿತ್ರ ಗೋಡೆಗಲ್ಲ, ಹಲಗೆಗಳ ಮೇಲೆ. ಹಲಗೆಗೂ ಗೋಡೆಗೂ ನಡುವೆ ಗಾಳಿಯಾಡಲು ಎರಡು ಇಂಚು ಸಂದು.

ಮಕ್ಕಳು ಒಪ್ಪಿದರು. ತಕರಾರು ಬಂದದ್ದು ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿಯಿಂದ. "ದುಡ್ಡು ಮಂಜೂರಾದದ್ದು ಗೋಡೆ ಚಿತ್ರಕ್ಕೆ. ದಂಬೆಯ ಬಿಲ್ ಹೇಗೆ ಪಾಸ್ ಮಾಡುವುದು ಮಾರಾಯ್ರೇ?" ಬಿಲ್ಲಿನಲ್ಲಿ "ಗೋಡೆ ಚಿತ್ರದ ಪೂರ್ವಸಿದ್ಧತೆ: ದಂಬೆ ಜೋಡಣೆ" ಎಂದು ಬರೆದುಕೊಟ್ಟೆ. ಸುಳ್ಳಂತೂ ಅಲ್ಲ. ಪಾಸಾಯಿತು.