ಆ ಹಳೆಯ ಫೈಲನ್ನು ಎಸೆಯಬೇಡಿ

ಮಗುವಿಗೆ ಬಂದ ಕ್ಯಾನ್ಸರ್ ವಾಸಿಯಾದ ಮೇಲೆ ನಮ್ಮ ಮನೆಗಳಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ಆಸ್ಪತ್ರೆಯ ಫೈಲು ಅಟ್ಟ ಸೇರುತ್ತದೆ. ಹೆಣ್ಣುಮಗುವಾಗಿದ್ದರೆ ಮದುವೆಯ ಮಾತುಕತೆ ಶುರುವಾಗುವ ಹೊತ್ತಿಗೆ ಅದನ್ನು ಇಲ್ಲವಾಗಿಸುವುದೂ ಉಂಟು. ಬಾಲ್ಯದಲ್ಲಿ ಲ್ಯುಕೇಮಿಯಾಕ್ಕೆ (ರಕ್ತದ ಕ್ಯಾನ್ಸರ್) ಚಿಕಿತ್ಸೆ ಪಡೆದು ಗುಣವಾದ ನನಗೆ, ಈ ಮುಚ್ಚಿಡುವಿಕೆ ನಮ್ಮಂಥವರ ದೇಹಕ್ಕೇ ಅಪಾಯ ತರಬಲ್ಲದು ಎಂಬುದನ್ನು ಹೇಳಲೇಬೇಕೆನಿಸಿದೆ.

ರೋಗವನ್ನು ಗೆದ್ದ ಔಷಧಿಗಳು ಬೆಳೆಯುತ್ತಿರುವ ದೇಹದ ಮೇಲೂ ಗುರುತು ಬಿಟ್ಟಿರುತ್ತವೆ. ಅಮೆರಿಕ ಮತ್ತು ಕೆನಡಾಗಳಲ್ಲಿ 1970ರಿಂದ 1986ರ ನಡುವೆ ಬಾಲ್ಯದ ಕ್ಯಾನ್ಸರ್‌ಗೆ ಒಳಗಾಗಿ ಬದುಕುಳಿದ ಹತ್ತು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾದ 30 ವರ್ಷಗಳೊಳಗೆ ಶೇ. 73ರಷ್ಟು ಜನರಲ್ಲಿ ಒಂದಾದರೂ ದೀರ್ಘಕಾಲದ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂದು ಅದು ಅಂದಾಜಿಸಿತು. ಆಗ ವಿಕಿರಣದ ಬಳಕೆ ಈಗಿನದಕ್ಕಿಂತ ಹೆಚ್ಚಾಗಿತ್ತು. ಆದ್ದರಿಂದ ಇಂದು ಚಿಕಿತ್ಸೆಯಲ್ಲಿರುವ ಮಕ್ಕಳ ತಂದೆತಾಯಿಗಳು ಆ ಅಂಕಿಯನ್ನು ತಮ್ಮ ಮಗುವಿಗೆ ನೇರವಾಗಿ ಅನ್ವಯಿಸಿಕೊಂಡು ಹೆದರಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಹೃದಯದ ವಿಷಯ. ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಿಗಳು, ಮೂತ್ರವನ್ನೂ ಕೆಂಪಾಗಿಸುವುದರಿಂದ ಮಕ್ಕಳಿಗೆ ಚೆನ್ನಾಗಿ ನೆನಪಿರುತ್ತವೆ. ಇವು ಹೃದಯದ ಸ್ನಾಯುಕೋಶಗಳಿಗೆ ಹಾನಿ ಮಾಡಬಲ್ಲವು. ಆ ಕೋಶಗಳು ಮತ್ತೆ ಹುಟ್ಟುವುದು ತೀರಾ ಕಡಿಮೆ. ಹೀಗಾಗಿ ರಕ್ತವನ್ನು ಒತ್ತುವ ಶಕ್ತಿ ವರ್ಷಗಳ ನಂತರ, ಯಾವ ಲಕ್ಷಣವನ್ನೂ ತೋರಿಸದೆ ಕುಗ್ಗಬಹುದು. ಔಷಧಿಯ ಒಟ್ಟು ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 250 ಮಿಲಿಗ್ರಾಂ ತಲುಪಿದ್ದರೆ ಅಪಾಯ ಹೆಚ್ಚು. ಅಂಥವರು ಎರಡು ವರ್ಷಕ್ಕೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಗರ್ಭಿಣಿಯಲ್ಲಿ ರಕ್ತದ ಪ್ರಮಾಣ ಏರಿ ಹೃದಯದ ಕೆಲಸ ಹೆಚ್ಚುವುದರಿಂದ, ಈ ಔಷಧಿ ಪಡೆದವರಿಗೆ ಗರ್ಭಧಾರಣೆಗೆ ಮೊದಲು ಅಥವಾ ಮೊದಲ ತಿಂಗಳುಗಳಲ್ಲಿ ಎಕೋ ಆಗಬೇಕು. ಗಂಡನ ಮನೆಯವರಿಂದ ಮುಚ್ಚಿಟ್ಟ ಸಂಗತಿಯನ್ನು, ಅತ್ತೆ ಪಕ್ಕದಲ್ಲೇ ಕುಳಿತಿರುವಾಗ, ಸೊಸೆ ಹೆರಿಗೆ ಡಾಕ್ಟರಿಗೆ ಹೇಗೆ ಹೇಳಿಯಾಳು? ನಾನು ಮದುವೆಗೆ ಮುಂಚೆಯೇ ಹೇಳಿದೆ. ಅಮ್ಮನಿಗೆ ಅದು ಇಷ್ಟವಿರಲಿಲ್ಲ. ಆಕೆಯ ಭಯ ನನಗೆ ಅರ್ಥವಾಗುತ್ತದೆ, ಆದರೂ ಆ ನಿರ್ಧಾರ ಸರಿಯೆಂದೇ ನಂಬಿದ್ದೇನೆ.

ಉಳಿದ ಪರಿಣಾಮಗಳು ಯಾವ ಚಿಕಿತ್ಸೆ ಪಡೆದಿರಿ ಎಂಬುದನ್ನು ಅವಲಂಬಿಸಿವೆ. ಸಿಸ್ಪ್ಲಾಟಿನ್‌ನಿಂದ ಕಿವಿ ಮಂದವಾಗಬಹುದು, ಸ್ಟೀರಾಯ್ಡ್‌ನಿಂದ ಮೂಳೆ ಸವೆಯಬಹುದು, ಸೈಕ್ಲೋಫಾಸ್ಫಮೈಡ್ ಹೆಚ್ಚಿನ ಪ್ರಮಾಣದಲ್ಲಿ ಸಂತಾನಶಕ್ತಿಯನ್ನು ಕುಗ್ಗಿಸಬಹುದು. ತಲೆಗೆ ಕೊಟ್ಟ ವಿಕಿರಣ ಬೆಳವಣಿಗೆ ಮತ್ತು ಕಲಿಕೆಗಳೆರಡನ್ನೂ ಬಾಧಿಸಬಹುದು. ಎದೆಗೆ ವಿಕಿರಣ ಪಡೆದ ಹುಡುಗಿಯರಿಗೆ ಸ್ತನ ತಪಾಸಣೆ ಸಾಮಾನ್ಯರಿಗಿಂತ ಬಹಳ ಮುಂಚೆ, 25ರ ವಯಸ್ಸಿನ ಸುಮಾರಿಗೇ ಆರಂಭವಾಗಬೇಕು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಬಾಲ್ಯದ ಕ್ಯಾನ್ಸರ್ ಗೆದ್ದವರಿಗಾಗಿಯೇ 1991ರಿಂದ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ.

ಚಿಕಿತ್ಸೆ ಮುಗಿದ ದಿನವೇ ಡಾಕ್ಟರಿಂದ ಸಾರಾಂಶವೊಂದನ್ನು ಬರೆಸಿಕೊಳ್ಳಿ: ಯಾವ ಔಷಧಿ, ಒಟ್ಟು ಎಷ್ಟು, ವಿಕಿರಣ ಎಲ್ಲಿಗೆ ಮತ್ತು ಎಷ್ಟು, ರಕ್ತ ಕೊಟ್ಟಿದ್ದರೇ ಎಂಬುದೆಲ್ಲ ಅದರಲ್ಲಿರಲಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಒಳರೋಗಿಗಳ ದಾಖಲೆಗಳನ್ನು 3 ವರ್ಷ ಕಾಪಾಡಬೇಕೆಂದಷ್ಟೇ ಹೇಳುತ್ತವೆ. ಹೃದಯದ ತೊಂದರೆಯೋ ಇಪ್ಪತ್ತು ವರ್ಷಗಳ ಮೇಲೂ ಬರಬಹುದು.