ಅಂಗಡಿ, ಮನೆ, ಊರು ಎಲ್ಲ ಹೇಗೆ ಸುಧಾರಿಸ್ತೀರಿ ಅಂತ ಕೇಳುವವರಿಗೆ

ಮದುವೆ ಊಟಕ್ಕೆ ಕೂತರೆ ಸಾರು ಬರುವ ಮೊದಲೇ ಪಕ್ಕದವರು ಕೇಳುತ್ತಾರೆ. "ಅಂಗಡಿ ಇದೆ, ಮನೆಯಲ್ಲಿ ಪ್ರಾಯದವರಿದ್ದಾರೆ, ಮಕ್ಕಳ ಶಾಲೆ, ಮೇಲಿಂದ ದೇವಸ್ಥಾನದ ಸಮಿತಿ. ಎಲ್ಲ ಹೇಗೆ ಸುಧಾರಿಸ್ತೀರಿ ಮಾರಾಯ್ರೆ?" ಉತ್ತರ ಅರ್ಧ ಆಗುವಾಗ ಪಾಯಸ ಬಂದಿರುತ್ತದೆ. ಅದಕ್ಕೇ ಇಲ್ಲಿ ಬರೆದುಬಿಡೋಣ ಅಂತ.

ಎಲ್ಲವನ್ನೂ ಒಂದೇ ಸಮ ನೋಡಿಕೊಳ್ಳುವುದು ನನ್ನಿಂದ ಆಗುವುದಿಲ್ಲ. ವರ್ಷದಲ್ಲಿ ಕೆಲವು ವಾರ ಅಂಗಡಿ ಬಿಟ್ಟು ಬೇರೆ ಲೋಕವೇ ಇಲ್ಲ, ಕೆಲವು ವಾರ ಅಂಗಡಿ ಇದ್ದೂ ಇಲ್ಲದ ಹಾಗೆ. ಸಮಯ ಕೇಳಿದರೆ ಹಿಂದೆ ಮುಂದೆ ಮಾಡಿಯಾದರೂ ಕೊಡುತ್ತೇನೆ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕಲು ಮಾತ್ರ ಯಾರಿಗೂ ಬಿಡುವುದಿಲ್ಲ, ನನ್ನನ್ನೂ ಸೇರಿಸಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ, ಕೃಷಿ ಸಾಮಾನಿನ ಅಂಗಡಿ. ಮೈಲುತುತ್ತು (ತಾಮ್ರದ ಸಲ್ಫೇಟು), ಸುಣ್ಣ, ಗೊಬ್ಬರ, ಪೈಪು, ಟರ್ಪಾಲು, ಸ್ಪ್ರೇಯರಿನ ಬಿಡಿಭಾಗ. ಕಾಸರಗೋಡಿನ ಅಡಿಕೆ ತೋಟದವರಿಗೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗದ ವಿಷಯ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ ಮದ್ದು (ತುತ್ತು-ಸುಣ್ಣದ ದ್ರಾವಣ) ಬಿಡಬೇಕು, 40-45 ದಿನ ಬಿಟ್ಟು ಇನ್ನೊಮ್ಮೆ. ಕೇರಳಕ್ಕೆ ಮುಂಗಾರು ಬರುವುದು ಜೂನ್ 1ರ ಆಸುಪಾಸು. ಅಂದರೆ ನಮ್ಮ ವ್ಯಾಪಾರದ ಭರ ಮೇ ತಿಂಗಳ ಕೊನೆಗೆ. ಈಗ ಇನ್ನೊಂದು ಕಡೆ ನೋಡಿ. ತುಳುವರ ಬೇಷ ತಿಂಗಳ ಹತ್ತನೇ ದಿನ ಪತ್ತನಾಜೆ, ಅದು ಬೀಳುವುದು ಮೇ 24-25ಕ್ಕೆ. ಅಲ್ಲಿಗೆ ದೈವಗಳ ಕೋಲ, ನೇಮ, ದೇವಸ್ಥಾನದ ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಮುಗಿಯಬೇಕು. ಹಾಗಾಗಿ ಅದಕ್ಕೆ ಮೊದಲಿನ ಎರಡು ತಿಂಗಳಲ್ಲಿ ಮದುವೆ, ಮನೆ ಒಕ್ಕಲು, ಉಪನಯನ, ದೇವಸ್ಥಾನದ ಬ್ರಹ್ಮಕಲಶ, ಯಕ್ಷಗಾನದ ಆಟ, ತರವಾಡಿನ (ಕುಟುಂಬದ ಮೂಲಮನೆಯ) ಕೋಲ, ಎಲ್ಲವೂ ಒಂದರ ಮೇಲೊಂದು. ಇದು ಯಾರ ತಪ್ಪೂ ಅಲ್ಲ. ಮಳೆಯೇ ಎರಡೂ ಕಡೆಯವರಿಗೆ ಗಡುವು ಕೊಟ್ಟಿದೆ.

ಆಗ ಎಲ್ಲರೂ ಹೇಳುವ ಒಂದು ಮಾತಿದೆ. "ಸೋದರಳಿಯನನ್ನು ಕೂರಿಸಿ ಬನ್ನಿ, ಒಂದು ದಿನ ಅಲ್ವಾ?" ಪೈಪು ಮಾರಲು ಅಳಿಯ ಸಾಕು. ಆದರೆ ಇದು 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಲೈಸನ್ಸ್ ಬೇಕಾದ ವ್ಯಾಪಾರ. ಬಂದವರು ಮೈಲುತುತ್ತಿನ ಜೊತೆ ಲೆಕ್ಕವನ್ನೂ ಕೇಳುತ್ತಾರೆ. 100 ಲೀಟರ್ ನೀರಿಗೆ ತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ಬೇರೆ ಬೇರೆ ಕರಗಿಸಿ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹಾಕಬೇಕು. ಹೊಳೆಯುವ ಕತ್ತಿಯೊಂದನ್ನು ಅದ್ದಿ ನೋಡಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಸುಣ್ಣ ಹಳತಾಗಿದ್ದರೆ ಒಂದು ಕಿಲೋ ಸಾಕಾಗುವುದೂ ಇಲ್ಲ. ಇದನ್ನೆಲ್ಲ ಫೋನಲ್ಲಿ ಆಟ ನೋಡುತ್ತಾ ಕೂತ ಹುಡುಗ ಹೇಳಿದರೆ ಯಾರದೋ ತೋಟದಲ್ಲಿ ಅಡಿಕೆಯ ಹಿಂಗಾರ (ಹೂಗೊಂಚಲು) ಸುಟ್ಟೀತು. ಆದ್ದರಿಂದ ಮೇ ಕೊನೆಯ ಮದುವೆಗಳಿಗೆ ಮನೆಯವಳೂ ಮಕ್ಕಳೂ ಹೋಗುತ್ತಾರೆ, ನಾನು ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಹೋಗುತ್ತೇನೆ. ರಾತ್ರಿ ಕೆಲಸಕ್ಕೆ ಬಂದವನನ್ನು ಮನೆಯವರು ಮರೆಯುವುದಿಲ್ಲ. ಮಧ್ಯಾಹ್ನ ಬಂದು ಉಂಡು ಹೋದವರ ಲೆಕ್ಕ ಯಾರಿಗಿರುತ್ತದೆ?

ಮನೆಗೆ ಸಿಗುವುದು ಆಟಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳು. ಎರಡನೇ ಮದ್ದು ಮುಗಿದ ಮೇಲೆ ವ್ಯಾಪಾರ ತಣ್ಣಗೆ, ಆಟಿಯಲ್ಲಿ ಶುಭಕಾರ್ಯವೂ ಇಲ್ಲ. ಅಮ್ಮನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಮಕ್ಕಳ ಜೊತೆ ಎಲ್ಲಿಗಾದರೂ ಹೋಗುವುದು ಎಲ್ಲ ಆಗಲೇ. ಮಳೆಯಲ್ಲಿ ಏನು ತಿರುಗಾಟ ಅಂತ ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ನಿಜವಾದ ತಲೆನೋವು ಸಮಯದ್ದಲ್ಲ, ಸಾಲದ್ದು. ಮೇಯಲ್ಲಿ ಮೈಲುತುತ್ತು ತೆಗೆದುಕೊಂಡವರ ಹೊಸ ಅಡಿಕೆ ಕೊಯ್ದು, ಅಂಗಳದಲ್ಲಿ 40-45 ದಿನ ಒಣಗಿಸಿ, ಸುಲಿದು ಮಾರುವಾಗ ವರ್ಷ ಬದಲಾಗಿರುತ್ತದೆ. ನನಗೆ ಮಾಲು ಕೊಟ್ಟವರು ತಿಂಗಳೊಳಗೆ ದುಡ್ಡು ಕೇಳುತ್ತಾರೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಶುರುವಾದ ಮೇಲೆ ಬೆಳೆಗಾರರಿಗೆ ಧಾರಣೆ ನೋಡಿ ಕಾಯುವ ಧೈರ್ಯ ಬಂತು. ತುಂಬಾ ಒಳ್ಳೆಯದಾಯಿತು, ನಮ್ಮ ಮನೆಯ ಅಡಿಕೆಯೂ ಅಲ್ಲಿಗೇ ಹೋಗುವುದು. ಆದರೆ ಅವರು ಧಾರಣೆ ಕಾಯುವಾಗ ನನ್ನ ಬಾಕಿಯೂ ಜೊತೆಗೆ ಕಾಯುತ್ತದೆ! ಗಿರಾಕಿಗಳಲ್ಲಿ ಅರ್ಧ ಜನ ನೆಂಟರು, ಉಳಿದವರು ನೆಂಟರ ನೆಂಟರು, ಬಾಕಿ ಕೇಳಿದರೆ ಮುಂದಿನ ಪೂಜೆಯಲ್ಲಿ ಮುಖ ತಿರುಗಿಸುತ್ತಾರೆ.

ಹಾಗಾಗಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ, ಭಾವನಿಗೂ ಅದೇ, ಗುರುತಿಲ್ಲದವರಿಗೂ ಅದೇ. ಮದ್ದಿಗೆ ಮಾತ್ರ ಸಾಲ, ಪೈಪು ಮೋಟಾರಿಗೆ ಇಲ್ಲ. ಹಳೆಯ ಬಾಕಿ ತೀರದೆ ಹೊಸ ಮದ್ದಿಲ್ಲ. ನಾನು ಅಂಗಡಿಯಿಂದ ತಿಂಗಳಿಗೆ ಇಷ್ಟು ಅಂತ ಸಂಬಳ ತೆಗೆದುಕೊಳ್ಳುತ್ತೇನೆ, ಮನೆ ಖರ್ಚು, ಉಡುಗೊರೆ, ದೇಣಿಗೆ ಎಲ್ಲ ಅದರಿಂದಲೇ. ನೆಂಟರ ಮಗಳ ಮದುವೆಗೆ ಕವರಿನಲ್ಲಿ ಜಾಸ್ತಿ ಇಡಬಹುದು, ಲೆಕ್ಕಪುಸ್ತಕದಲ್ಲಿ ಅವರ ಬಾಕಿ ಕಡಿಮೆ ಬರೆಯುವುದಿಲ್ಲ.

ರಶೀದಿ ಪುಸ್ತಕ ಹಿಡಿದು ಬರುವವರಿಗೂ ಉತ್ತರ ತಯಾರಿದೆ. ದೀಪಾವಳಿಯ ಅಂಗಡಿ ಪೂಜೆಯ ದಿನ ಹೊಸ ಲೆಕ್ಕದ ಜೊತೆ ವರ್ಷದ ದೇಣಿಗೆಯ ಮೊತ್ತವನ್ನೂ ಮನೆಯವಳ ಜೊತೆ ಕೂತು ನಿಶ್ಚಯ ಮಾಡುತ್ತೇವೆ. ಆ ಪುಸ್ತಕ ಅವಳ ಹತ್ತಿರ. ಅದು ಮುಗಿದಿದ್ದರೆ ಹೊರೆಕಾಣಿಕೆಗೆ ತೋಟದ ತೆಂಗಿನಕಾಯಿ ಕೊಡುತ್ತೇವೆ, ಚಪ್ಪರಕ್ಕೆ ಟರ್ಪಾಲು ಕೊಡುತ್ತೇವೆ. ಟರ್ಪಾಲು ವಾಪಸು ಬರುವಾಗ ಮೀನಿನ ಬಲೆಯಾಗಿರುತ್ತದೆ, ಅದು ಬೇರೆ ಮಾತು. ಸಮಿತಿಯಲ್ಲಿ ಖಜಾಂಚಿ ಮಾತ್ರ ಆಗುವುದಿಲ್ಲ. ಅಂಗಡಿಯವನ ಹತ್ತಿರ ಪೆಟ್ಟಿಗೆ ಇದೆ ಅಂತಲೇ ಆ ಕೆಲಸ ಹುಡುಕಿಕೊಂಡು ಬರುತ್ತದೆ. ದೇವರ ದುಡ್ಡು ಮತ್ತು ಗೊಬ್ಬರದ ದುಡ್ಡು ಒಂದೇ ಡ್ರಾಯರಿನಲ್ಲಿದ್ದರೆ, ಪ್ರಾಮಾಣಿಕನಾದರೂ ಊರಿನ ಬಾಯಿ ಮುಚ್ಚಲಾಗುವುದಿಲ್ಲ. ಬಡಿಸಲು, ಪಾರ್ಕಿಂಗಿಗೆ ಎಲ್ಲಿ ಬೇಕಾದರೂ ನಿಲ್ಲಿಸಿ. ಒಂದೇ ಷರತ್ತು, 20ನೇ ತಾರೀಕಿನ ಒಳಗೆ ನನ್ನ ಜಿಎಸ್‌ಟಿ ರಿಟರ್ನ್ ಹೋಗಿರಬೇಕು. ತಡವಾದರೆ ದಿನಕ್ಕೆ 50 ರೂಪಾಯಿ, ಅಲ್ಲಿ ಪ್ರಾರ್ಥನೆ ನಡೆಯುವುದಿಲ್ಲ.

ಇದಕ್ಕೆಲ್ಲ ಹೊರತಾದ ಸಂದರ್ಭವೂ ಇದೆ. 2025ರ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಮಧೂರು ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ, ಗಣಪತಿಯನ್ನು ಅಪ್ಪದಲ್ಲಿ ಮುಚ್ಚುವ ಮೂಡಪ್ಪ ಸೇವೆ ಆಯಿತಲ್ಲ, ಅದರ ಹಿಂದಿನದು 1992ರಲ್ಲಿ. 33 ವರ್ಷಕ್ಕೊಮ್ಮೆ ಬಂದದ್ದಕ್ಕೆ ಅಂಗಡಿ ಇದೆ ಅಂತ ಹೇಳಿದರೆ ಸರಿಯಾಗುವುದಿಲ್ಲ. ಗಿರಾಕಿಗಳಿಗೆ ಮೊದಲೇ ಹೇಳಿ ಶಟರ್ ಎಳೆದೆ. ಕಷ್ಟವಾಗಲಿಲ್ಲ, ಗಿರಾಕಿಗಳೂ ಅಲ್ಲೇ ಇದ್ದರು.

ಭಾನುವಾರ ಅಂಗಡಿ ಮುಚ್ಚುತ್ತೇವೆ, ಅದು ವಿಶ್ರಾಂತಿ ಅಂತ ಯಾರೂ ತಿಳಿಯಬೇಡಿ. ಮೀಟಿಂಗು ಇಡುವುದೂ ಭಾನುವಾರವೇ. ಮನೆಯವರಿಗೆ ಖುಷಿಯಾಗುತ್ತಿದ್ದದ್ದು ಹರ್ತಾಳದ (ಬಂದ್‌ನ) ದಿನ. 2019ರಲ್ಲಿ ಕೇರಳ ಹೈಕೋರ್ಟು ಏಳು ದಿನ ಮೊದಲೇ ನೋಟಿಸು ಕೊಡಬೇಕು ಅಂತ ಹೇಳಿದ ಮೇಲೆ ಆ ಅಚಾನಕ್ ರಜೆಯೂ ಕಡಿಮೆಯಾಯಿತು. ವ್ಯಾಪಾರಿಯಾಗಿ ಸಂತೋಷವೇ, ಅಪ್ಪನಾಗಿ ಸ್ವಲ್ಪ ಬೇಜಾರು.

ಒಂದು ಕೆಲಸವನ್ನು ಮಾತ್ರ ಯಾವ ತಿಂಗಳಲ್ಲೂ ಕಡಿಮೆ ಮಾಡಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಹಳಬರು ಓದಿದ್ದು ಕನ್ನಡ, ಆಫೀಸಿನಿಂದ ಬರುವುದು ಮಲಯಾಳದ ಕಾಗದ. ಪೆನ್ಷನ್ನಿನದ್ದು, ಭೂಮಿ ತೆರಿಗೆಯದ್ದು, ಕರೆಂಟಿನದ್ದು, ಎಲ್ಲ ಹಿಡಿದು ಅಂಗಡಿಗೆ ಬರುತ್ತಾರೆ, ಸುಮ್ನೆ ಸ್ಟೂಲಿನ ಮೇಲೆ ಕೂರುತ್ತಾರೆ. ಮದ್ದಿನ ಸೀಸನ್ನಿನಲ್ಲೂ ಓದಿ ಹೇಳುತ್ತೇನೆ, ನನಗೆ ಬಿಡುವಿಲ್ಲದಿದ್ದರೆ ಮಗಳು ಓದುತ್ತಾಳೆ, ಅವಳ ಮಲಯಾಳ ನನಗಿಂತ ಚೆನ್ನ. ಇದರಿಂದ ವ್ಯಾಪಾರ ಆಗುತ್ತದಾ ಅಂತ ಕೇಳಿದರೆ, ಕೆಲವೊಮ್ಮೆ ಒಂದು ಗಟ್ಟಿ ಹಗ್ಗ ತೆಗೆದುಕೊಂಡು ಹೋಗುತ್ತಾರೆ.

ಇಷ್ಟು ಮಾಡಿದರೂ ಎಲ್ಲರಿಗೂ ಸಮಾಧಾನ ಆಗಿಲ್ಲ. ಪೈಪಿಗೆ ಸಾಲ ಕೊಡಲಿಲ್ಲ ಅಂತ ಒಬ್ಬ ನೆಂಟರು ಈಗಲೂ ಮಾತಾಡುವುದಿಲ್ಲ. ಮೇ ಬಂದರೆ ಕೆಲಸದವನ ಕೈಯಲ್ಲಿ ಚೀಟಿಯೂ ನಗದೂ ಕೊಟ್ಟು ಮೈಲುತುತ್ತು ಇಲ್ಲಿಂದಲೇ ತರಿಸಿಕೊಳ್ಳುತ್ತಾರೆ.