ಎಂಐಪಿ ಟಿಕೆಟ್ ಮತ್ತು ಕೋರ್ಟಿನ ಬೆಳಗ್ಗೆ

ಶುಕ್ರವಾರ ರಾತ್ರಿ ಅಪಾರ್ಟ್‌ಮೆಂಟಿನ ಪಾರ್ಟಿಗೆ ಪೊಲೀಸರು ಬಂದಾಗ 19 ವರ್ಷದ ಹುಡುಗನ ಕೈಯಲ್ಲಿ ಬಿಯರ್ ಕಂಡರೆ ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಕೈಕೋಳ ಬೀಳುವುದಿಲ್ಲ, ಟಿಕೆಟ್ ಬೀಳುತ್ತದೆ. ಅಲ್ಲಿಯ ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಎಂಐಪಿ’ (ಮೈನರ್ ಇನ್ ಪೊಸೆಷನ್), ಅಂದರೆ 21 ತುಂಬದವರ ಕೈಯಲ್ಲಿ ಮದ್ಯ ಸಿಕ್ಕ ಪ್ರಕರಣ. ಟ್ರಾಫಿಕ್ ದಂಡದ ಚೀಟಿಯಂತೆ ಕಾಣುವುದರಿಂದ ದುಡ್ಡು ಕಟ್ಟಿ ಕೈತೊಳೆದುಕೊಳ್ಳೋಣ ಅನ್ನಿಸುವುದು ಸಹಜ. ಆದರೆ ಇದು ಕ್ಲಾಸ್ ಸಿ ಮಿಸ್‌ಡಿಮೀನರ್, ಅಂದರೆ ಕೆಳದರ್ಜೆಯದಾದರೂ ಕ್ರಿಮಿನಲ್ ಪ್ರಕರಣ. ತಪ್ಪೊಪ್ಪಿಕೊಳ್ಳುವುದಾದರೆ ತೆರೆದ ಕೋರ್ಟಿನಲ್ಲಿ ನ್ಯಾಯಾಧೀಶರ ಎದುರೇ ಒಪ್ಪಿಕೊಳ್ಳಬೇಕು ಎಂದು ಆ ರಾಜ್ಯದ ಮದ್ಯ ಕಾನೂನೇ ಹೇಳುತ್ತದೆ.

ಬೆಂಗಳೂರಿನಿಂದ ಹೋದ ಮಕ್ಕಳಿಗೆ ಇದು ಹೊಸದು. ನಮ್ಮಲ್ಲಿ ಮದ್ಯಕ್ಕೆ ಕನಿಷ್ಠ ವಯಸ್ಸು 18 ಎಂದು ಅಬಕಾರಿ ಕಾಯ್ದೆ ಅನ್ನುತ್ತದೆ, 21 ಎಂದು 1967ರ ಲೈಸೆನ್ಸ್ ನಿಯಮ ಅನ್ನುತ್ತದೆ. 2023ರಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದು ವಾಪಸಾಯಿತು. ಆ ಗೊಂದಲದಲ್ಲಿ ಬೆಳೆದವರಿಗೆ ಅಮೆರಿಕದ 21 ಎಷ್ಟು ಗಟ್ಟಿ ಎಂದು ತಿಳಿಯುವುದಿಲ್ಲ. 1984ರ ಕೇಂದ್ರ ಕಾನೂನು, ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನಕ್ಕೆ ಕತ್ತರಿ ಹಾಕಿತು. ಆಮೇಲೆ ಎಲ್ಲ ರಾಜ್ಯಗಳೂ ಅದೇ ದಾರಿಗೆ ಬಂದವು.

ಮರುದಿನ ಬೆಳಗ್ಗೆ ಮೊದಲು ಆ ಚೀಟಿಯನ್ನು ನಿಧಾನವಾಗಿ ಓದಬೇಕು. ಕೆಳಗೆ ಹಾಕಿದ ಸಹಿ ತಪ್ಪೊಪ್ಪಿಗೆಯಲ್ಲ, ಕೋರ್ಟಿಗೆ ಬರುತ್ತೇನೆಂಬ ಮಾತು ಅಷ್ಟೆ. ಸೆಕ್ಷನ್ 106.04 ಇದ್ದರೆ ಕುಡಿದ ಆರೋಪ, 106.05 ಇದ್ದರೆ ಇಟ್ಟುಕೊಂಡ ಆರೋಪ. ಇನ್ನೊಬ್ಬರ ಐಡಿ ಅಥವಾ ನಕಲಿ ಐಡಿ ತೋರಿಸಿದ್ದರೆ ಅದು ಬೇರೆಯೇ ಆರೋಪ. ಮೋಸದ ವಾಸನೆ ಇರುವುದರಿಂದ ವೀಸಾದಲ್ಲಿರುವವರಿಗೆ ಅದು ಬಿಯರಿಗಿಂತ ಎಷ್ಟೋ ಪಟ್ಟು ದುಬಾರಿ. ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ನಮ್ಮ ಹುಡುಗರ ದಾಖಲೆಗಳಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು ಎಂಬುದರ ಇಂಗ್ಲಿಷ್ ಚುಟುಕು) ಬಂದು ಕೂತಿರುತ್ತದೆ, ಇನಿಷಿಯಲ್ ಹಿಂದುಮುಂದಾಗಿರುತ್ತದೆ. ಹೀಗಾದಾಗ ಹೆಸರು ಹೇಳಿದರೆ ಕೋರ್ಟಿನ ಕ್ಲರ್ಕಿಗೆ ಕೇಸು ಸಿಗದೆ ಹೋಗಬಹುದು. ಟಿಕೆಟ್ ನಂಬರ್ ಹೇಳಿ ಕೇಳಬೇಕು. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತದೆ, ಅದನ್ನೂ ನೋಡಿಕೊಳ್ಳಿ.

ಕೋರ್ಟಿನ ದಿನಾಂಕ ಪರೀಕ್ಷೆಗೋ ಊರಿನ ಟಿಕೆಟಿಗೋ ಅಡ್ಡಬಂದರೆ ಮುಂಚೆಯೇ ಲಿಖಿತವಾಗಿ ಬೇರೆ ದಿನ ಕೇಳಿ. ಸುಮ್ಮನೆ ತಪ್ಪಿಸಿಕೊಂಡರೆ ವಾರಂಟ್ ಹೊರಡಬಹುದು, ಹಾಜರಾಗದ್ದಕ್ಕೆ ಎರಡನೇ ಆರೋಪ ಸೇರಬಹುದು. 500 ಡಾಲರ್ ಒಳಗೆ ಮುಗಿಯಬೇಕಾದ ಪ್ರಕರಣ ಬಂಧನದವರೆಗೆ ಬೆಳೆಯುವುದು ಬಹುತೇಕ ಹೀಗೆಯೇ.

ಕೋರ್ಟಿನ ಬೆಳಗ್ಗೆ ಮೂರು ಉತ್ತರಗಳಿಗೆ ಅವಕಾಶವಿರುತ್ತದೆ: ತಪ್ಪು ಒಪ್ಪುತ್ತೇನೆ, ಒಪ್ಪುವುದಿಲ್ಲ, ನೋ ಕಂಟೆಸ್ಟ್ (ತಪ್ಪು ಒಪ್ಪದೆಯೇ, ಆರೋಪದ ವಿರುದ್ಧ ವಾದಿಸುವುದಿಲ್ಲ ಎನ್ನುವುದು). ಮೂರನೆಯದು ಮೆದುವಾಗಿ ಕೇಳಿಸುತ್ತದೆ, ಆದರೆ ಅದರಿಂದಲೂ ಶಿಕ್ಷೆ ದಾಖಲಾಗುತ್ತದೆ. ಮೊದಲ ಸಲ ಅಪರಾಧ ಸಾಬೀತಾದರೆ 500 ಡಾಲರ್‌ವರೆಗೆ ದಂಡ, 8ರಿಂದ 12 ಗಂಟೆ ಸಮುದಾಯ ಸೇವೆ, ಮದ್ಯ ಅರಿವಿನ ತರಗತಿ ಇರುತ್ತವೆ. ಜೊತೆಗೆ 30 ದಿನ ಡ್ರೈವಿಂಗ್ ಲೈಸೆನ್ಸ್ ಅಮಾನತು. ಕಾರಿನ ಹತ್ತಿರವೇ ಸುಳಿಯದಿದ್ದರೂ ಲೈಸೆನ್ಸ್ ಹೋಗುತ್ತದೆ. ತೀರ್ಪಿನ 11ನೇ ದಿನದಿಂದ ಅಮಾನತು ಶುರು. ಬಸ್ಸಿಲ್ಲದ ಊರಿನಲ್ಲಿ ಕಾಲೇಜಿಗೆ ಹೋಗುವವನಿಗೆ ದಂಡಕ್ಕಿಂತ ಇದೇ ಹೆಚ್ಚು ಕಾಡುತ್ತದೆ.

ಹಾಗಾಗಿ ಬಾಯಿ ಬಿಡುವ ಮೊದಲು ಪ್ರಾಸಿಕ್ಯೂಟರ್ ಬಳಿ ಕೇಳಬೇಕಾದದ್ದು ‘ಡಿಫರ್ಡ್ ಡಿಸ್ಪೊಸಿಷನ್’. ಶಿಕ್ಷೆ ವಿಧಿಸದೆ ತೀರ್ಪನ್ನು 180 ದಿನಗಳವರೆಗೆ ಮುಂದೂಡಿ, ಷರತ್ತು ಪೂರೈಸಿದರೆ ಕೇಸು ವಜಾ ಮಾಡುವ ವ್ಯವಸ್ಥೆ ಇದು. ಕೇಳದೆಯೇ ಕೊಡುತ್ತಾರೆಂದು ಕೂರಬೇಡಿ. ಷರತ್ತುಗಳಲ್ಲಿ ಜನ ಎಡವುವುದು ತರಗತಿಯಲ್ಲಿ. ಅದನ್ನು 90 ದಿನದೊಳಗೆ ಮುಗಿಸಿ ಪ್ರಮಾಣಪತ್ರವನ್ನು ಕೋರ್ಟಿಗೆ ತಲುಪಿಸಬೇಕು. ಗೂಗಲ್‌ನಲ್ಲಿ ಮೊದಲು ಸಿಕ್ಕ ಅಗ್ಗದ ಕೋರ್ಸಿಗೆ ದುಡ್ಡು ಕಟ್ಟಿದರೆ, ರಾಜ್ಯದ ಮಾನ್ಯತೆ ಇಲ್ಲವೆಂದು ಕ್ಲರ್ಕ್ ವಾಪಸ್ ಕಳಿಸಬಹುದು. ಮೊದಲು ಮಾನ್ಯತೆ ನೋಡಿ, ಆಮೇಲೆ ಸೇರಿ. ತರಗತಿ ಮುಗಿಸದಿದ್ದರೆ ಲೈಸೆನ್ಸ್ ಆರು ತಿಂಗಳವರೆಗೂ ಅಮಾನತಾಗಬಹುದು.

ಒಪ್ಪುವುದಿಲ್ಲ ಎನ್ನುವುದೂ ಹಕ್ಕೇ. ಈ ಕೋರ್ಟುಗಳಲ್ಲಿ ಆರು ಜನರ ಜ್ಯೂರಿ ಕೇಳಬಹುದು. ಹತ್ತು ಜನರಿದ್ದ ಕೋಣೆಯ ಮೇಜಿನ ಮೇಲಿದ್ದ ಕ್ಯಾನ್ ನಿಮ್ಮದೇ ಎಂದು ಸರ್ಕಾರ ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ವಾರಂಟಿಲ್ಲದೆ ಮನೆಯೊಳಗೆ ಹೇಗೆ ಬಂದರು ಎಂದು ವಕೀಲರು ಕೇಳಬಹುದು. ಅಪ್ಪ, ಅಮ್ಮ, ಕಾನೂನುಬದ್ಧ ಪಾಲಕರು, ವಯಸ್ಕರಾದ ತನ್ನ ಗಂಡ ಅಥವಾ ಹೆಂಡತಿ ಕಣ್ಣೆದುರೇ ಇದ್ದರೆ ಟೆಕ್ಸಾಸ್‌ನಲ್ಲಿ ವಿನಾಯಿತಿ ಉಂಟು. ಆದರೆ ಮನೆಯಲ್ಲಿಟ್ಟುಕೊಂಡು ಸಾಕುವ ಚಿಕ್ಕಪ್ಪ, ಸೋದರಮಾವ ಅದರಲ್ಲಿ ಬರುವುದಿಲ್ಲ. ದಂಡ ಮಾತ್ರದ ಪ್ರಕರಣವಾದ್ದರಿಂದ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಹಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಕಾನೂನು ಸಲಹಾ ಕಚೇರಿ ಇರುತ್ತದೆ, ಮೊದಲ ಫೋನ್ ಅಲ್ಲಿಗೆ ಹೋಗಲಿ.

ಎಫ್-1 ವಿದ್ಯಾರ್ಥಿ ವೀಸಾದವರಿಗೆ ವಲಸೆ ವಕೀಲರ ಮಾತೂ ಬೇಕು. ವಲಸೆ ಕಾನೂನು ‘ಶಿಕ್ಷೆ’ ಎನ್ನುವುದನ್ನು ಬೇರೆ ಅಳತೆಯಲ್ಲಿ ನೋಡುತ್ತದೆ. ತಪ್ಪೊಪ್ಪಿಗೆ ಅಥವಾ ನೋ ಕಂಟೆಸ್ಟ್ ಜೊತೆಗೆ ಏನಾದರೂ ದಂಡ ಸೇರಿದರೆ, ಕೇಸು ಆಮೇಲೆ ವಜಾ ಆದರೂ ಅದು ಶಿಕ್ಷೆ ಎನಿಸಬಹುದು. ಬರೀ ಬಿಯರಿನ ಎಂಐಪಿಯಿಂದ ಗಡಿಪಾರಾಗುವ ಭಯ ಪಡಬೇಕಿಲ್ಲ. ಹಾಗಂತ ಹಗುರವಾಗಿ ನೋಡುವ ಕಾಲವೂ ಇದಲ್ಲ. 2025ರ ಏಪ್ರಿಲ್‌ನಲ್ಲಿ ಸಣ್ಣಪುಟ್ಟ ಪೊಲೀಸ್ ದಾಖಲೆಗಳ ನೆಪದಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ದಾಖಲೆ) ರದ್ದಾಗಿ, ಕೋರ್ಟುಗಳ ಮೆಟ್ಟಿಲೇರಿದ ಮೇಲೆ ಮರಳಿತು.

ಟಿಕೆಟಿನ ಭಯಕ್ಕೆ ಯಾರೂ ಮಾಡಬಾರದ್ದು ಒಂದಿದೆ: ಕುಡಿದು ಪ್ರಜ್ಞೆ ತಪ್ಪಿದ ಗೆಳೆಯನನ್ನು ಮಂಚದ ಮೇಲೆ ಮಲಗಿಸಿ ಬಾಗಿಲು ಹಾಕಿಕೊಳ್ಳುವುದು. 911ಕ್ಕೆ ಮೊದಲು ಕರೆ ಮಾಡಿ, ಸ್ಥಳದಲ್ಲೇ ಇದ್ದು ಸಹಕರಿಸಿದವರಿಗೆ ಎಂಐಪಿ ಆರೋಪದಿಂದ ರಕ್ಷಣೆ ಕೊಡುವ ಕಾನೂನು ಟೆಕ್ಸಾಸ್‌ನಲ್ಲಿ 2011ರಿಂದ ಇದೆ. ಇದನ್ನು ಹಾಸ್ಟೆಲಿಗೆ ಕಾಲಿಟ್ಟ ದಿನವೇ ಪ್ರತಿ ಮಗುವಿಗೂ ಹೇಳಬೇಕು.

ಕಾಲೇಜಿನ ಶಿಸ್ತು ಕಚೇರಿ ಕೋರ್ಟಿನ ಕೇಸಿಗೆ ಕಾಯುವುದಿಲ್ಲ, ಅದರ ವಿಚಾರಣೆ ಬೇರೆ ನಡೆಯುತ್ತದೆ. ಅಲ್ಲಿ ಬರೆದುಕೊಟ್ಟದ್ದು ಕೋರ್ಟಿಗೂ ಬರಬಹುದಾದ್ದರಿಂದ ಮೊದಲು ವಕೀಲರಿಗೆ ತೋರಿಸಿ. 21ರ ಒಳಗಿನವರ ಮದ್ಯ ಪ್ರಕರಣವನ್ನು ಹೆತ್ತವರಿಗೆ ತಿಳಿಸಲು ಕಾಲೇಜಿಗೆ ಕಾನೂನಿನ ಅನುಮತಿ ಇದೆ. ಮೈಸೂರಿನ ಅಮ್ಮನಿಗೆ ಆ ಸುದ್ದಿ ಮಗನಿಂದಲೇ ತಿಳಿಯುವುದು ಒಳ್ಳೆಯದು.

ಕೊನೆಯ ಕೆಲಸ, ದಾಖಲೆ ಅಳಿಸುವ ಎಕ್ಸ್‌ಪಂಕ್ಷನ್. ಶಿಕ್ಷೆಯಾಗಿದ್ದರೂ ಅದು ಒಂದೇ ಆಗಿದ್ದರೆ 21 ತುಂಬಿದ ಮೇಲೆ ಅರ್ಜಿ ಹಾಕಬಹುದು. ಡಿಫರ್ಡ್ ಮುಗಿಸಿ ವಜಾ ಆದವರಿಗೂ ದಾರಿ ಇದೆ. ಎರಡೂ ತಾನಾಗಿ ಆಗುವುದಿಲ್ಲ. ಅರ್ಜಿಗೆ ಮೊದಲು ಟಿಕೆಟ್, ವಜಾ ಆದೇಶ, ತರಗತಿಯ ಪ್ರಮಾಣಪತ್ರಗಳ ದೃಢೀಕೃತ ಪ್ರತಿಗಳನ್ನು ಕ್ಲರ್ಕಿನಿಂದ ಪಡೆದುಕೊಳ್ಳಿ. ಗ್ರೀನ್ ಕಾರ್ಡ್ ಮತ್ತು ಪೌರತ್ವದ ಅರ್ಜಿಗಳು ಅಳಿಸಿದ ಪ್ರಕರಣವನ್ನೂ ಕೇಳುತ್ತವೆ. ದಾಖಲೆ ಅಳಿಸಿದ ಮೇಲೆ ಆ ಪ್ರತಿ ಕೊಡಲು ಕೋರ್ಟಿನಲ್ಲಿ ಏನೂ ಉಳಿದಿರುವುದಿಲ್ಲ.